ಉಸಿರಿನಲ್ಲೇ ನಡೆದ ಹಾಯಿದೋಣಿ

ಹಾಯಿದೋಣಿ ಅಂದ ಕೂಡಲೇ ನಮ್ಮ ಕಣ್ಣ ಮುಂದೆ ಬರೋದು ಹಗ್ಗ ಜಗ್ಗುವ ಗಟ್ಟಿ ತೋಳುಗಳು ಅಲ್ವಾ? ಆದರೆ 2005ರ ಆಗಸ್ಟ್‌ನಲ್ಲಿ ಹಿಲರಿ ಲಿಸ್ಟರ್ ಎಂಬ ಬ್ರಿಟಿಷ್ ಮಹಿಳೆ ಒಬ್ಬರೇ ಇಂಗ್ಲಿಷ್ ಕಡಲ್ಗಾಲುವೆ ದಾಟಿದರು. ಅವರ ಕೈಕಾಲು ಸ್ವಾಧೀನದಲ್ಲಿರಲಿಲ್ಲ. ಬಾಯಿಗೆ ಸಿಗುವಂತಿದ್ದ ಪ್ಲಾಸ್ಟಿಕ್ ಕೊಳವೆಗಳಲ್ಲಿ ಉಸಿರು ಊದಿ, ಎಳೆದು, ಚುಕ್ಕಾಣಿ ಮತ್ತು ಹಾಯಿ ಎರಡನ್ನೂ ನಡೆಸಿದರು! 2009ರಲ್ಲಿ ಹೀಗೇ ಬ್ರಿಟನ್ನನ್ನು ಸುತ್ತಿ ಬಂದರು. 2014ರಲ್ಲಿ ಒಮಾನಿನ ನಶ್ವಾ ಅಲ್ ಕಿಂದಿ ಅವರ ಜೊತೆ ಮುಂಬೈಯಿಂದ ಹೊರಟು ನಮ್ಮ ಅರಬ್ಬೀ ಸಮುದ್ರವನ್ನೇ ದಾಟಿದರು. 2018ರಲ್ಲಿ ತೀರಿಕೊಂಡರು.

ಇದು ಬರೀ ಛಲದ ಕಥೆ ಅಲ್ಲ, ಡಿಸೈನಿನ ಕಥೆಯೂ ಹೌದು. ಮಾಮೂಲಿ ಚಿಕ್ಕ ಹಾಯಿದೋಣಿಯಲ್ಲಿ ಗಾಳಿ ಬದಲಾದಾಗಲೆಲ್ಲ ಮೈಯನ್ನು ಈ ಪಕ್ಕದಿಂದ ಆ ಪಕ್ಕಕ್ಕೆ ಸರಿಸಬೇಕು, ಇಲ್ಲವಾದರೆ ದೋಣಿ ಮಗುಚುತ್ತೆ. ಕಾಲಿಲ್ಲದವರು ಏನು ಮಾಡಬೇಕು? 1990ರ ದಶಕದಲ್ಲಿ ಆಸ್ಟ್ರೇಲಿಯಾದ ಕ್ರಿಸ್ ಮಿಚೆಲ್ ಈ ಪ್ರಶ್ನೆಯನ್ನೇ ತಿರುಗಿಸಿದರು. ಮನುಷ್ಯನ ಬದಲು ದೋಣಿಯನ್ನೇ ಬದಲಾಯಿಸಿದರು. ತಳದಲ್ಲಿ ನೀರೊಳಕ್ಕೆ ಇಳಿಯುವ ಭಾರದ ಹಲಗೆ, ಮುಂದಕ್ಕೆ ಮುಖ ಮಾಡಿದ ತಗ್ಗಿನ ಸೀಟು, ತಿರುಗಿಸಲು ಜಾಯ್‌ಸ್ಟಿಕ್. ಕೂತಲ್ಲೇ ಕೂತು ನಡೆಸಬಹುದು. ಆಕ್ಸೆಸ್ ಎಂಬ ಹೆಸರಿನಲ್ಲಿ ಶುರುವಾದ ಈ ದೋಣಿಗಳಿಗೆ ಈಗ ಹನ್ಸಾ ಅಂತ ಹೆಸರು. ಮಜಾ ಏನಂದ್ರೆ, ಅಂಗವಿಕಲರಲ್ಲದವರೂ, ಮಕ್ಕಳೂ, ಮುದುಕರೂ ಇದನ್ನೇ ಓಡಿಸ್ತಾರೆ.

ಪ್ಯಾರಾಲಿಂಪಿಕ್ಸ್‌ನಲ್ಲಿ ಹಾಯಿದೋಣಿ 1996ರ ಅಟ್ಲಾಂಟಾದಲ್ಲಿ ಪ್ರದರ್ಶನ ಕ್ರೀಡೆಯಾಗಿ ಬಂತು, 2000ದ ಸಿಡ್ನಿಯಿಂದ ಪದಕದ ಕ್ರೀಡೆಯಾಯ್ತು. ಆದರೆ 2016ರ ರಿಯೋ ನಂತರ ಕೈಬಿಟ್ಟರು. ಸಾಕಷ್ಟು ದೇಶಗಳು ಆಡುತ್ತಿಲ್ಲ ಅನ್ನೋದು ಕಾರಣ. ಟೋಕಿಯೋದಲ್ಲಿ ಇರಲಿಲ್ಲ, 2024ರ ಪ್ಯಾರಿಸ್‌ನಲ್ಲಿ ಇರಲಿಲ್ಲ, 2028ರ ಲಾಸ್ ಏಂಜಲಿಸ್ ಪಟ್ಟಿಯಲ್ಲೂ ಇಲ್ಲ. ಅಂದರೆ ಆ ಬಾಗಿಲು ಮುಚ್ಚಿದ್ದರಲ್ಲಿ ಇದನ್ನು ಕಲಿಯದ ನಮ್ಮಂಥ ದೇಶಗಳ ಪಾಲೂ ಇದೆ...

ನಮ್ಮವರಿಗೆ ನೀರೆಂದರೆ ಭಯ ಅನ್ನೋಣವೇ? 1972ರಲ್ಲೇ ಮುರಳೀಕಾಂತ್ ಪೇಟ್ಕರ್ ಈಜಿನಲ್ಲಿ ಪ್ಯಾರಾಲಿಂಪಿಕ್ಸ್ ಚಿನ್ನ ಗೆದ್ದಿದ್ದರು. ನಮ್ಮ ಬೆಂಗಳೂರಿನ ಶರತ್ ಗಾಯಕ್ವಾಡ್ 2014ರ ಏಷ್ಯನ್ ಪ್ಯಾರಾ ಕ್ರೀಡಾಕೂಟ ಒಂದರಲ್ಲೇ 6 ಪದಕ ತಂದರು. ಭೋಪಾಲದಲ್ಲಿ ಅಭ್ಯಾಸ ಮಾಡಿದ ಪ್ರಾಚಿ ಯಾದವ್ ಟೋಕಿಯೋದಲ್ಲಿ ಹುಟ್ಟು ಹಾಕುವ ದೋಣಿಯ ಸ್ಪರ್ಧೆಯ ಫೈನಲ್ ತಲುಪಿದರು. ಸಮುದ್ರವೇ ಬೇಕು ಅಂತಿಲ್ಲ, ಒಂದು ಒಳ್ಳೆ ಕೆರೆ ಸಾಕು.

ಕೆರೆಗೇನು ಬರ ನಮ್ಮ ಮೈಸೂರಿನಲ್ಲಿ? ನಮ್ಮ ಶ್ರೀರಾಂಪುರದ ಪಕ್ಕದ ಲಿಂಗಾಂಬುಧಿ ಕೆರೆ ಹಕ್ಕಿಗಳದ್ದು, ಅದನ್ನು ಅವುಗಳಿಗೇ ಬಿಡೋಣ. ಆದರೆ ಕೆಆರ್‌ಎಸ್ ಹಿನ್ನೀರು ಎಷ್ಟು ವಿಶಾಲವಾಗಿದೆ! ಕ್ರೀಡಾ ಸೌಕರ್ಯಗಳನ್ನು ಅಂಗವಿಕಲರಿಗೂ ಒಗ್ಗುವಂತೆ ಮರುವಿನ್ಯಾಸ ಮಾಡಬೇಕು ಅಂತ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 30ನೇ ಸೆಕ್ಷನ್ ಸರ್ಕಾರಕ್ಕೆ ಹೇಳುತ್ತೆ. ಬೇಕಾದ್ದು ದೊಡ್ಡ ಸ್ಟೇಡಿಯಂ ಅಲ್ಲ. ಗಾಲಿಕುರ್ಚಿ ಇಳಿಯುವಂಥ ಇಳಿಜಾರಿನ ಕಟ್ಟೆ, ದೋಣಿಗೆ ಎತ್ತಿ ಕೂರಿಸುವ ಒಂದು ಸಣ್ಣ ಕ್ರೇನು, ನಾಲ್ಕು ದೋಣಿ, ಲೈಫ್ ಜಾಕೆಟ್ಟು, ಪಕ್ಕದಲ್ಲಿ ಕಾವಲಿಗೆ ಒಂದು ಮೋಟಾರು ದೋಣಿ.

ನೆಲದ ಮೇಲೆ ಪ್ರತಿ ಮೆಟ್ಟಿಲೂ ಗಾಲಿಕುರ್ಚಿಯನ್ನು ತಡೆಯುತ್ತೆ. ನೀರಿನ ಮೇಲೆ ಮೆಟ್ಟಿಲುಗಳೇ ಇಲ್ಲ. ಅಲ್ಲಿವರೆಗೆ ಹೋಗುವ ದಾರಿ ಮಾಡಿಕೊಡೋದಷ್ಟೇ ನಮ್ಮ ಕೆಲಸ. ನೀವೇನಂತೀರಿ?