ಗರಂ ಮಸಾಲೆಯ ನೆಂಟ

ಕೊರೊನಾ ಕಾಲದಲ್ಲಿ ತಮಿಳುನಾಡಿನ ದಿಂಬಂ ಘಾಟಿಯ 27 ತಿರುವು ಹತ್ತಿ, ಹಾಸನೂರು ದಾಟಿ ಚಾಮರಾಜನಗರದ ಕಡೆ ಬಂದವರನ್ನು ಪುಣಜನೂರು ಚೆಕ್‌ಪೋಸ್ಟ್‌ನಲ್ಲಿ ತಡೆದು ತಪಾಸಣೆ ಮಾಡುತ್ತಿದ್ದರು. ಹಣೆಗೆ ಗುರಿಯಿಟ್ಟು ಹಿಡಿಯುವ ಥರ್ಮಾಮೀಟರ್ ಎಲ್ಲರಿಗೂ ಪರಿಚಯವಾದದ್ದು ಆಗಲೇ. ಅಲ್ಲಿಯವರೆಗೆ ಥರ್ಮಾಮೀಟರ್ ಎಂದರೆ ಡಾಕ್ಟರು ಒದರಿ ಒದರಿ ಪಾದರಸ ಇಳಿಸಿ, ನಾಲಿಗೆಯಡಿ ಇಡುತ್ತಿದ್ದ ಗಾಜಿನ ಕಡ್ಡಿ.

ಥರ್ಮಾಮೀಟರ್ ಎಂಬ ಹೆಸರು ಅಚ್ಚಾದದ್ದು 1624ರಲ್ಲಿ, ಫ್ರೆಂಚ್ ಪುಸ್ತಕವೊಂದರಲ್ಲಿ. ಗ್ರೀಕಿನ ‘ಥರ್ಮೋಸ್’ ಅಂದರೆ ಬಿಸಿ, ‘ಮೆಟ್ರಾನ್’ ಅಂದರೆ ಅಳತೆ. ಪರದೇಶಿ ಪದ ಅನ್ನುತ್ತೇವೆ. ಆದರೆ ಇದರ ಎರಡೂ ಕಡೆಯ ನೆಂಟರು ನಮ್ಮ ಮನೆಯಲ್ಲೇ ಇದ್ದಾರೆ.

ಮೂಲ ಇಂಡೋ-ಯುರೋಪಿಯನ್ ಭಾಷೆಯಲ್ಲಿ ‘ಘ್ವ’ದಂಥ ಒಂದು ಧ್ವನಿ ಇತ್ತೆನ್ನುತ್ತಾರೆ ಭಾಷಾವಿಜ್ಞಾನಿಗಳು. ‘ಥರ್ಮೋಸ್’‌ನಲ್ಲಿ ಅದು ‘ಥ’ ಆಯಿತು. ಸಂಸ್ಕೃತದಲ್ಲಿ ‘ಘ’ ಆಗಿ ‘ಘರ್ಮ’ ಬಂತು. ಋಗ್ವೇದದ ಕಾಲಕ್ಕೆ ಘರ್ಮವೆಂದರೆ ಬರೀ ಸೆಕೆಯಲ್ಲ, ಪಾತ್ರೆಯಲ್ಲಿ ಕಾಯಿಸಿ ಅರ್ಪಿಸುವ ಹಾಲೂ ಹೌದು. ಹಳೆಯ ಕಾವ್ಯಗಳಲ್ಲಿ ಬೆವರು ‘ಘರ್ಮಜಲ’. ಅದೇ ಧ್ವನಿ ಪಾರಸಿಯಲ್ಲಿ ‘ಗ’ ಆಗಿ, ‘ಗರಂ’ ಎಂದು ನಮ್ಮ ಮಸಾಲೆ ಡಬ್ಬಿಗೂ ‘ಅಧಿಕಾರಿಗಳ ವಿರುದ್ಧ ಶಾಸಕ ಗರಂ’ ಎಂಬ ತಲೆಬರಹಕ್ಕೂ ಬಂದು ಕೂತಿದೆ. ಲ್ಯಾಟಿನ್ನಿನ ‘ಫ’ ಹಿಡಿದು ಬಂದದ್ದು ಕಾರ್ಖಾನೆಯ ಫರ್ನೇಸ್.

ಮೆಟ್ರಾನ್ ಕಡೆಯವರದು ಇನ್ನೂ ದೊಡ್ಡ ಕುಟುಂಬ. ಅಳೆಯುವುದೆಂಬ ಅರ್ಥದ ‘ಮಾ’ ಧಾತುವಿನಿಂದ ಮಾಪನ, ಪ್ರಮಾಣ, ಉಪಮಾನ, ತಾಪಮಾನ. ಛಂದಸ್ಸಿನಲ್ಲಿ ಲಘುವಿಗೆ ಒಂದು, ಗುರುವಿಗೆ ಎರಡು ಎಂದು ಎಣಿಸುವ ಮಾತ್ರೆಯೂ, ಜ್ವರಕ್ಕೆ ನುಂಗುವ ಮಾತ್ರೆಯೂ ಒಂದೇ: ಇಷ್ಟೇ ಎಂದು ಅಳೆದದ್ದು. ‘ನೀನು ಮಾತ್ರ ಬಾ’ ಅನ್ನುವಾಗಿನ ‘ಮಾತ್ರ’ವೂ ಅದೇ. (ಮಾನ ಮರ್ಯಾದೆಯ ಮಾನ ಬೇರೆ, ಅದು ಮನಸ್ಸಿನ ಪೈಕಿ.) ಇಂಗ್ಲಿಷಿನಿಂದ ಬಂದ ಮೀಟರ್ ನಮ್ಮಲ್ಲಿ ಹೊಸ ಕಸುಬನ್ನೇ ಕಲಿತಿದೆ. ಬಡವರ ಕತ್ತು ಹಿಸುಕುವ ಮೀಟರ್ ಬಡ್ಡಿ ಒಂದು ಕಡೆ, ‘ಅವನಿಗೆ ಮೀಟರ್ ಇಲ್ಲ ಬಿಡು’ ಅನ್ನುವಾಗಿನ ಧೈರ್ಯ ಇನ್ನೊಂದು ಕಡೆ.

ಹಾಗಾಗಿ ಥರ್ಮಾಮೀಟರನ್ನು ಓಡಿಸಿ ‘ತಾಪಮಾಪಕ’ವನ್ನು ಕೂರಿಸುವ ಪಠ್ಯಪುಸ್ತಕದ ಹಟ ನನಗೆ ತುಸು ತಮಾಷೆಯೇ. ಮಾವನನ್ನು ಕಳಿಸಿ ಅಳಿಯನನ್ನು ಕರೆತಂದಂತೆ! ಗಡಿಯಾಚೆಯ ತಮಿಳರು ‘ವೆಪ್ಪಮಾನಿ’ ಎಂದು ಅರ್ಧವಾದರೂ ತಮ್ಮದನ್ನೇ ಇಟ್ಟುಕೊಂಡರು; ಆ ‘ವೆಪ್ಪ’ ನಮ್ಮ ಬೇಗೆ, ಬೇಸಿಗೆ, ಬೇಯುವುದರ ಒಡಹುಟ್ಟು.

ಇನ್ನು ಉಷ್ಣ. ಸಂಸ್ಕೃತದ್ದೇ ಆದರೂ ಅಡುಗೆಮನೆಯಲ್ಲಿ ಅದಕ್ಕೆ ಡಿಗ್ರಿಯ ಹಂಗಿಲ್ಲ. ಪಪ್ಪಾಯಿ ಉಷ್ಣ, ಮಜ್ಜಿಗೆ ತಂಪು. ಫ್ರಿಜ್ಜಿನಿಂದ ಈಗಷ್ಟೇ ತೆಗೆದ ಪಪ್ಪಾಯಿ ಹೋಳಿಗೆ ಆ ಥರ್ಮಾಮೀಟರ್ ಗನ್ ಹಿಡಿದಾಗ ಎಷ್ಟೇ ಕಡಿಮೆ ತೋರಿಸಿದರೂ, ಬಸುರಿ ಸೊಸೆಯ ತಟ್ಟೆಗೆ ಅತ್ತೆ ಅದನ್ನು ಹಾಕುವುದಿಲ್ಲ.