ತಾಯಿ ಇಟ್ಟುಹೋದ ಪುಸ್ತಕ

1937ರಲ್ಲಿ ಜಪಾನು ಚೀನದ ಮೇಲೆ ಯುದ್ಧಕ್ಕಿಳಿಯಿತು. ಅದೇ ವರ್ಷ ಯೋಶಿನೋ ಗೆಂಜಬುರೋ ಎಂಬ ಲೇಖಕರು ಮಕ್ಕಳಿಗಾಗಿ ‘ನೀವು ಹೇಗೆ ಬಾಳುವಿರಿ?’ ಎಂಬ ಪುಸ್ತಕವನ್ನು ಪ್ರಕಟಿಸಿದರು. ವಿಚಾರಗಳನ್ನು ಹತ್ತಿಕ್ಕುವ ಕಾನೂನಿನಿಂದ 1931ರಲ್ಲಿ ಸೆರೆ ಕಂಡಿದ್ದವರು ಅವರು. ದೊಡ್ಡವರೊಡನೆ ಆಡಲಾಗದ ಮಾತನ್ನು ಮಕ್ಕಳೊಡನೆ ಆಡಿದರೆಂದು ನನಗೆ ತೋರುತ್ತದೆ.

ಹಯಾವೊ ಮಿಯಾಝಾಕಿಯವರು 2023ರ ತಮ್ಮ ಅನಿಮೇಷನ್ ಚಿತ್ರಕ್ಕೆ ಇದೇ ಹೆಸರನ್ನಿಟ್ಟರು. ಕಥೆ ಮಾತ್ರ ಬೇರೆ. ಯುದ್ಧಕಾಲದ ಟೋಕಿಯೋದಲ್ಲಿ ಆಸ್ಪತ್ರೆಗೆ ಬೆಂಕಿ ಬಿದ್ದು, ಬಾಲಕ ಮಹಿತೊ ತಾಯಿಯನ್ನು ಕಳೆದುಕೊಳ್ಳುತ್ತಾನೆ. ತಂದೆ ಯುದ್ಧವಿಮಾನದ ಭಾಗಗಳನ್ನು ತಯಾರಿಸುವ ಕಾರ್ಖಾನೆಯ ಒಡೆಯ. ಅವನು ಮತ್ತೆ ಕೈಹಿಡಿದದ್ದು ಸತ್ತವಳ ತಂಗಿಯನ್ನು. ಹುಡುಗನ ಬಾಯಲ್ಲಿ ಅವಳನ್ನು ‘ಅಮ್ಮ’ ಎನ್ನುವ ಮಾತು ಹೊರಡದು.

ಇದರೊಳಗೆ ಮಿಯಾಝಾಕಿಯವರ ಬಾಲ್ಯವೂ ಇದೆ. ಅವರು ಹುಟ್ಟಿದ್ದು 1941ರಲ್ಲಿ. ಅವರ ಮನೆತನದ ಕಾರ್ಖಾನೆ ‘ಝೀರೋ’ ವಿಮಾನಗಳಿಗೆ ಚುಕ್ಕಾಣಿಗಳನ್ನು ಒದಗಿಸುತ್ತಿತ್ತು. 1945ರ ಜುಲೈಯಲ್ಲಿ ಬಾಂಬಿನ ಮಳೆಗೆ ಉತ್ಸುನೊಮಿಯಾ ಉರಿದಾಗ ಆ ಮಗು ಅದೇ ಊರಿನಲ್ಲಿತ್ತು. ಯುದ್ಧದಿಂದ ಮನೆ ಉಂಡಿತು; ಯುದ್ಧದಿಂದಲೇ ಊರು ಬೆಂದಿತು.

ತಾಯಿ ತನಗಾಗಿ ಇಟ್ಟುಹೋದ ಯೋಶಿನೋರ ಪುಸ್ತಕವನ್ನು ಓದಿ ಮಹಿತೊ ಅಳುತ್ತಾನೆ. ಬಳಿಕ ಕಾಣೆಯಾದ ಚಿಕ್ಕಮ್ಮನನ್ನು ಅರಸಿ ಮಾಯಾಲೋಕವನ್ನು ಹೊಗುತ್ತಾನೆ. ಆ ಲೋಕವನ್ನು ನೀನೇ ಆಳೆಂದು ಹಿರಿಯಜ್ಜ ಕರೆದರೂ ಒಲ್ಲದೆ, ಬೆಂಕಿ ಹತ್ತಿದ ತನ್ನ ಲೋಕಕ್ಕೇ ಹಿಂದಿರುಗುತ್ತಾನೆ. ಚಿಕ್ಕಮ್ಮ ಅಮ್ಮನಾಗಿ ಜೊತೆಗಿದ್ದಾಳೆ. 1937ರ ಪ್ರಶ್ನೆಗೆ ಇಷ್ಟು ಉತ್ತರ ಸಾಲದೆ?