ಸ್ತ್ರೀಯರ ಮೌನ ಸೋಂಕು: ಇಲಿಯಿಂದ ತಿಳಿಯುವುದೆಷ್ಟು?

ಹುಬ್ಬಳ್ಳಿ: ಲೈಂಗಿಕ ಸಂಪರ್ಕದಿಂದ ಹರಡುವ ಬ್ಯಾಕ್ಟೀರಿಯಾ ಸೋಂಕುಗಳಲ್ಲಿ ಕ್ಲಮೈಡಿಯಾ ಮತ್ತು ಗೊನೋರಿಯಾ ಪ್ರಮುಖವಾದವು. ಅನೇಕ ಸ್ತ್ರೀಯರಲ್ಲಿ ಇವು ಯಾವ ಲಕ್ಷಣವನ್ನೂ ತೋರುವುದಿಲ್ಲ. ಚಿಕಿತ್ಸೆ ದೊರೆಯದಿದ್ದರೆ ಸೋಂಕು ಗರ್ಭಕೊರಳಿನಿಂದ ಗರ್ಭನಾಳಕ್ಕೇರಿ ಬಂಜೆತನಕ್ಕೆ ಕಾರಣವಾಗಬಹುದು. ಚಿಕಿತ್ಸೆ ನೀಡದೆ ಈ ಹಾನಿಯನ್ನು ಸ್ತ್ರೀಯರಲ್ಲೇ ಅಭ್ಯಸಿಸುವುದು ವೈದ್ಯಧರ್ಮಕ್ಕೆ ವಿರುದ್ಧ. ಆದ್ದರಿಂದ ವಿಜ್ಞಾನಿಗಳು ಪ್ರಯೋಗಾಲಯ ಮಾದರಿಗಳನ್ನು ಅವಲಂಬಿಸಿದ್ದಾರೆ.

ಕ್ಲಮೈಡಿಯಾ ಜೀವಕೋಶದೊಳಗೆ ಮಾತ್ರ ವೃದ್ಧಿಸುವುದರಿಂದ ಅದನ್ನು ಹೀಲಾ, ಮೆಕಾಯ್ ಮುಂತಾದ ಕೋಶಗಳಲ್ಲಿ ಬೆಳೆಸಲಾಗುತ್ತದೆ. ಗರ್ಭನಾಳದ ಹಾನಿಯನ್ನು ಅರಿಯಲು ಹೆಣ್ಣು ಇಲಿಗಳಿಗೆ ಹಾರ್ಮೋನು ನೀಡಿ, ಇಲಿಗಳದ್ದೇ ಆದ 'ಕ್ಲಮೈಡಿಯಾ ಮ್ಯೂರಿಡೇರಮ್' ಸೋಂಕು ತಗುಲಿಸುತ್ತಾರೆ. ಗೊನೋರಿಯಾ ಸಹಜವಾಗಿ ಮನುಷ್ಯರಿಗಷ್ಟೇ ಬರುವ ರೋಗ. ಈಸ್ಟ್ರಡಯಾಲ್ ಹಾರ್ಮೋನು ಪಡೆದ ಇಲಿಗಳಲ್ಲಿ ಅದನ್ನು ಕೆಲ ದಿನ ಉಳಿಸುವ ಮಾದರಿಯನ್ನು ಅಮೆರಿಕದ ಆನ್ ಜೆರ್ಸ್ 1999ರಲ್ಲಿ ಪ್ರಕಟಿಸಿದರು.

ಆದರೆ ಪ್ರಯೋಗಾಲಯದ ಇಲಿಯ ಋತುಚಕ್ರ ನಾಲ್ಕೈದು ದಿನಗಳದ್ದು, ಅದಕ್ಕೆ ಮುಟ್ಟಿಲ್ಲ. ಹೀಗಾಗಿ ಇಲಿಯಲ್ಲಿ ಫಲಿಸಿದ್ದೆಲ್ಲ ಸ್ತ್ರೀಯರಲ್ಲೂ ಫಲಿಸುವುದೆಂಬ ಭರವಸೆಯಿಲ್ಲ. ಕ್ಲಮೈಡಿಯಾಗೆ ಲಸಿಕೆ ಇನ್ನೂ ಬಂದಿಲ್ಲ.

ಔಷಧವಂತೂ ಇದೆ. ಸರಕಾರಿ ಜಿಲ್ಲಾಸ್ಪತ್ರೆ, ವೈದ್ಯಕೀಯ ಕಾಲೇಜು ಆಸ್ಪತ್ರೆಗಳ ಸುರಕ್ಷಾ ಕ್ಲಿನಿಕ್‌ಗಳಲ್ಲಿ ರೋಗಲಕ್ಷಣ ಆಧರಿಸಿ ಉಚಿತ ಚಿಕಿತ್ಸೆ ನೀಡಲಾಗುತ್ತದೆ. ಅವಳಿ ನಗರವಿರಲಿ, ಬೇರೆ ಊರಿರಲಿ, ಲಕ್ಷಣವೇ ಇಲ್ಲದ ಸ್ತ್ರೀಗೆ ಪರೀಕ್ಷೆಯೊಂದೇ ದಾರಿ. ಸೋಂಕು ಖಚಿತವಾದರೆ ಸಂಗಾತಿಗೂ ಚಿಕಿತ್ಸೆ ಅಗತ್ಯ.